ಆಲ್ಬರ್ಟ್ ಬಾಸ್ಕರ್‌ವಿಲ್: ಆಡಿದ್ದು ಒಂದೇ ಟೆಸ್ಟ್, ಹೆಸರು ಮಾತ್ರ ನೂರು ವರ್ಷ ದಾಟಿದೆ

ಹಳೆಪೇಪರ್:
ರಗ್ಬಿ ಲೀಗ್‌ನ ಆರಂಭದ ಆಟಗಾರರಲ್ಲಿ ಬಾಸ್ಕರ್‌ವಿಲ್ ಬಗ್ಗೆ ಒಂದು ಕನ್ನಡ ಲೇಖನ ಸಿದ್ಧವಾಗುತ್ತಿದೆ. ಅದಕ್ಕೆ ಮೊದಲು ವಿವರಗಳನ್ನು ಇಲ್ಲಿ ಎಲ್ಲರೂ ಕೂಡಿ ಜಾಲಾಡಿಬಿಡೋಣ. ಖಚಿತವಾಗಿ ಗೊತ್ತಿರುವುದನ್ನು ಮೊದಲು ಇಡುತ್ತೇನೆ.

ಪೂರ್ತಿ ಹೆಸರು ಆಲ್ಬರ್ಟ್ ಹೆನ್ರಿ ಬಾಸ್ಕರ್‌ವಿಲ್. ಹುಟ್ಟಿದ್ದು 15 ಜನವರಿ 1883ರಂದು, ನ್ಯೂಜಿಲೆಂಡ್‌ನಲ್ಲಿ. ವೆಲಿಂಗ್ಟನ್‌ನ ಅಂಚೆ ಇಲಾಖೆಯಲ್ಲಿ ಗುಮಾಸ್ತ. ರಗ್ಬಿಯ ಹಳೆಯ ಬಗೆಯಾದ, ತಂಡಕ್ಕೆ ಹದಿನೈದು ಜನರ ರಗ್ಬಿ ಯೂನಿಯನ್ ಆಡುತ್ತಿದ್ದ. ನ್ಯೂಜಿಲೆಂಡ್ ಶೈಲಿಯ ಆಟವನ್ನು ಹೊಸಬರಿಗೆ ಕಲಿಸಿಕೊಡುವ ಪುಸ್ತಕವೊಂದನ್ನು 1907ರಲ್ಲಿ ಹೊರತಂದ. ಅದೇ ವರ್ಷ ಇಂಗ್ಲೆಂಡಿಗೆ ಒಂದು ವೃತ್ತಿಪರ ತಂಡವನ್ನು ಕಟ್ಟಿಕೊಂಡು ಹೊರಟ. 20 ಮೇ 1908ರಂದು ಬ್ರಿಸ್ಬೇನ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಆಗ ವಯಸ್ಸು ಇಪ್ಪತ್ತೈದು ವರ್ಷ ನಾಲ್ಕು ತಿಂಗಳು.

ಪ್ರವಾಸ ತಂಡ ಬ್ರಿಟನ್‌ನಲ್ಲಿ ಮೊದಲ ಪಂದ್ಯ ಆಡಿದ್ದು 9 ಅಕ್ಟೋಬರ್ 1907ಕ್ಕೆ. ಬಾಸ್ಕರ್‌ವಿಲ್ ತನ್ನ ಏಕೈಕ ಟೆಸ್ಟ್ ಆಡಿದ್ದು 9 ಮೇ 1908ಕ್ಕೆ. ಲೀಗ್‌ನಲ್ಲಿ ಅವನ ಆಯುಷ್ಯವೆಲ್ಲ ಇಷ್ಟೇ, ಸರಿಯಾಗಿ ಏಳು ತಿಂಗಳು.

ಅಂಕಪಟ್ಟಿ:
ಒಳ್ಳೆಯ ಕೆಲಸ ಎತ್ತಿಕೊಂಡಿದ್ದೀರಿ. ಪದೇ ಪದೇ ನಕಲಾಗುವ ತಪ್ಪುಗಳನ್ನು ಈಗಲೇ ಹೇಳಿಬಿಡುತ್ತೇನೆ, ಲೇಖನಕ್ಕೆ ಅವು ನುಸುಳಬಾರದು.

ಆಗಸ್ಟ್ 1907ರಲ್ಲಿ ಸಿಡ್ನಿಯಲ್ಲಿ ನ್ಯೂ ಸೌತ್ ವೇಲ್ಸ್ ವಿರುದ್ಧ ನಡೆದ ಮೂರು ಪಂದ್ಯಗಳನ್ನು "ಆಸ್ಟ್ರೇಲಿಯಾದ ಮೊದಲ ಲೀಗ್ ಪಂದ್ಯಗಳು" ಅಂತ ಬರೆಯುವವರಿದ್ದಾರೆ. ತಪ್ಪು. 17, 21 ಮತ್ತು 24ರಂದು ನಡೆದ ಆ ಮೂರೂ ಪಂದ್ಯಗಳು ರಗ್ಬಿ ಯೂನಿಯನ್ ನಿಯಮದವು. ನಾರ್ದರ್ನ್ ಯೂನಿಯನ್‌ನ ನಿಯಮ ಪುಸ್ತಕ ಆಗ ಅವರ ಕೈಯಲ್ಲೇ ಇರಲಿಲ್ಲ. ಹಣ ಪಡೆದು ಆಡಿದರು ಅನ್ನುವುದೊಂದೇ ಹೊಸದು.

ಇನ್ನೊಂದು, 1 ಜನವರಿ 1908ರಂದು ಆಬರ್‌ಡೇರ್‌ನಲ್ಲಿ ವೇಲ್ಸ್ ವಿರುದ್ಧ ನಡೆದದ್ದು "ಮೊದಲ ಅಂತರರಾಷ್ಟ್ರೀಯ ಪಂದ್ಯ" ಅನ್ನುವುದು. ಅದು ಮೊದಲ ಟೆಸ್ಟ್, ಸರಿ. ಆದರೆ 5 ಏಪ್ರಿಲ್ 1904ರಲ್ಲೇ ವಿಗಾನ್‌ನಲ್ಲಿ ಇಂಗ್ಲೆಂಡ್ ತಂಡವು "ಇತರ ರಾಷ್ಟ್ರೀಯರು" ಎಂಬ ತಂಡದ ಎದುರು ಆಡಿ 9–3ರಲ್ಲಿ ಸೋತಿತ್ತು. ಅಲ್ಲಿ ಒಂದೊಂದು ಕಡೆಗೆ ಹನ್ನೆರಡೇ ಜನ. ಟೆಸ್ಟ್ ಮತ್ತು ಅಂತರರಾಷ್ಟ್ರೀಯ, ಈ ಎರಡು ಮಾತನ್ನು ಬೆರೆಸಬೇಡಿ.

ಮತ್ತೆ, ಅವನು ಬ್ರಿಟನ್‌ನಿಂದ ಬರುವ ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಅನ್ನುವುದು. ಇಲ್ಲ, ಬ್ರಿಸ್ಬೇನ್ ನಗರದಲ್ಲಿ. ಹಡಗಿನಲ್ಲಿ ಅಂಟಿದ್ದು ಶೀತ.

ಕಬಡ್ಡಿಮನೆ:
ಯೂನಿಯನ್, ಲೀಗ್, ನಾರ್ದರ್ನ್ ಯೂನಿಯನ್ ಮೂರೂ ಒಟ್ಟಿಗೆ ಬಂದು ಗೊಂದಲವಾಗ್ತಿದೆ ಸರ್. ಕ್ರಿಕೆಟ್, ಕಬಡ್ಡಿ ಮಾತ್ರ ನೋಡಿದವರಿಗೆ ಅರ್ಥವಾಗೋ ಹಾಗೆ ಯಾರಾದರೂ ಬಿಡಿಸಿ ಹೇಳ್ತೀರಾ? 1907ರಲ್ಲಿ ಈ ಆಟಗಾರರಿಗೆ ನಿಜವಾಗಿ ಏನು ಬದಲಾಯಿತು?

ಹದಿಮೂರನೆಯವರು:
ಇದು ಸರಿಯಾದ ಪ್ರಶ್ನೆ. ಬಾಸ್ಕರ್‌ವಿಲ್ ಕಥೆಯಲ್ಲಿ ಎಲ್ಲರೂ ಹಾರಿಸಿಬಿಡುವ ಭಾಗವೂ ಇದೇ. ಸ್ವಲ್ಪ ಉದ್ದವಾಗುತ್ತದೆ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಆಡುತ್ತಿದ್ದವರು ಗಣಿ, ಗಿರಣಿ, ಬಂದರಿನ ಕೂಲಿಗಳು. ಶನಿವಾರ ಆಟಕ್ಕೆ ಹೋದರೆ ಅರ್ಧ ದಿನದ ಕೂಲಿ ಹೋಯಿತು. ಆ ನಷ್ಟವನ್ನಾದರೂ ಕ್ಲಬ್ ತುಂಬಿಕೊಡಲಿ ಎಂದು ಕೇಳಿದಾಗ ಲಂಡನ್ನಿನ ರಗ್ಬಿ ಯೂನಿಯನ್ ಒಪ್ಪಲಿಲ್ಲ. 29 ಆಗಸ್ಟ್ 1895ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಕ್ಲಬ್‌ಗಳು ಸೇರಿ ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಕಳೆದುಹೋದ ದಿನಕ್ಕೆ ಆರು ಶಿಲ್ಲಿಂಗ್, ಅದು ಅವರ ಮೊದಲ ದರ. ಈ ಸಂಸ್ಥೆಯೇ 1922ರಲ್ಲಿ ಹೆಸರು ಬದಲಿಸಿ ರಗ್ಬಿ ಫುಟ್‌ಬಾಲ್ ಲೀಗ್ ಆಯಿತು. ಹಾಗಾಗಿ 1907ರ ನಾರ್ದರ್ನ್ ಯೂನಿಯನ್ ಅಂದರೆ ಇವತ್ತಿನ ರಗ್ಬಿ ಲೀಗ್. ನಿಮ್ಮ ಗೊಂದಲದ ಅರ್ಧ ಇಲ್ಲಿಗೆ ಮುಗಿಯುತ್ತದೆ.

ನಿಯಮಗಳೂ ಒಂದೊಂದಾಗಿ ಬೇರೆಯಾದವು. ಟಿಕೆಟ್ ಕೊಂಡು ಬಂದವರಿಗೆ ಚೆಂಡು ಕಾಣಬೇಕು, ಓಟ ಕಾಣಬೇಕು. ಯೂನಿಯನ್‌ನಲ್ಲಿ ಚೆಂಡು ಗೆರೆಯಾಚೆ ಹೋದರೆ ಎರಡೂ ಕಡೆಯವರು ಸಾಲಾಗಿ ನಿಂತು ಮೇಲೆ ಎಸೆದ ಚೆಂಡಿಗೆ ಜಿಗಿಯುತ್ತಾರಲ್ಲ, ಆ ಲೈನ್‌ಔಟ್ ಅನ್ನು 1897ರಲ್ಲೇ ತೆಗೆದುಹಾಕಿದರು. ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸುವ ಗೋಲ್ ಅನ್ನು ಹೇಗೆ ಹೊಡೆದರೂ ಎರಡೇ ಅಂಕ ಎಂದು ಮಾಡಿದರು. 1906ರಲ್ಲಿ ಎರಡು ದೊಡ್ಡ ಬದಲಾವಣೆ: ಹದಿನೈದು ಜನರ ಬದಲು ಹದಿಮೂರು, ಮತ್ತು ಹಿಡಿದು ಬೀಳಿಸಿದ ಮೇಲೆ "ಪ್ಲೇ ದ ಬಾಲ್".

ಈ ಪ್ಲೇ ದ ಬಾಲ್ ಅನ್ನು ಕಬಡ್ಡಿಯ ಪಕ್ಕದಲ್ಲಿಟ್ಟು ನೋಡಿ. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕ ದಾಳಿಗಾರ ಔಟ್. ಯೂನಿಯನ್‌ನಲ್ಲಿ ಬಿದ್ದವನ ಮೇಲೆ ರಾಶಿ ಬಿದ್ದು ಚೆಂಡಿಗೆ ಗುದ್ದಾಟ. ಲೀಗ್‌ನಲ್ಲಿ ಎರಡೂ ಇಲ್ಲ: ಹಿಡಿದವನು ಬಿಡಬೇಕು, ಬಿದ್ದವನು ಎದ್ದು ನಿಂತು ಚೆಂಡನ್ನು ಮುಂದೆ ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ತಳ್ಳಬೇಕು, ಹಿಂದೆ ನಿಂತವನು ಎತ್ತಿಕೊಂಡು ಹೊರಡಬೇಕು. ಎದುರಾಳಿ ಮುಂದೆ ನಿಂತು ತಾನೂ ಕಾಲು ಹಾಕಬಹುದಿತ್ತು, ಆದ್ದರಿಂದ ಆಗ ಅದು ಇಬ್ಬರದೇ ಪುಟ್ಟ ಸ್ಕ್ರಮ್ (ಎರಡೂ ಕಡೆಯವರು ಬಾಗಿ ಭುಜಕ್ಕೆ ಭುಜ ಕೊಟ್ಟು ತಳ್ಳುತ್ತಾ ಕಾಲಿನಿಂದ ಚೆಂಡು ಗೆಲ್ಲಲು ನೋಡುವುದೇ ಸ್ಕ್ರಮ್). ಆರು ಸಲ ಹಿಡಿದರೆ ಚೆಂಡು ಬಿಟ್ಟುಕೊಡಬೇಕು ಅನ್ನುವ ಇವತ್ತಿನ ಲೆಕ್ಕ ಆಗ ಇರಲಿಲ್ಲ. ಮೊದಲು ನಾಲ್ಕು ಹಿಡಿತದ ಮಿತಿ ಬಂದದ್ದು 1966ರಲ್ಲಿ, ಆರು ಆದದ್ದು 1972ರಲ್ಲಿ. 1908ರ ತಂಡ ಚೆಂಡು ಕಳೆದುಕೊಳ್ಳದಿದ್ದರೆ ಎಷ್ಟು ಹೊತ್ತಾದರೂ ಇಟ್ಟುಕೊಳ್ಳಬಹುದಿತ್ತು.

ಈಗ ನ್ಯೂಜಿಲೆಂಡ್‌ನವರಿಗೆ ಬಂದ ಕಷ್ಟ. ಅವರ ಯೂನಿಯನ್ ವ್ಯೂಹ ವಿಶಿಷ್ಟ: ಸ್ಕ್ರಮ್‌ನಲ್ಲಿ ಏಳೇ ಜನ, 2–3–2 ಸಾಲು. ಎಂಟನೆಯವನು ವಿಂಗ್ ಫಾರ್ವರ್ಡ್, ಸ್ಕ್ರಮ್‌ನ ಹೊರಗೆ ನಿಂತು ಚೆಂಡು ಹಾಕುವುದು, ಸ್ಕ್ರಮ್‌ನಿಂದ ಬಂದ ಚೆಂಡು ಎತ್ತಿಕೊಳ್ಳುವ ತನ್ನ ಹಾಫ್‌ಗೆ ಅಡ್ಡ ನಿಂತು ಕಾಪಾಡುವುದು ಅವನ ಕೆಲಸ. ಆಮೇಲೆ ಸ್ಕ್ರಮ್‌ನ ಹಿಂದೆ ನಿಲ್ಲುವವರು: ಒಬ್ಬ ಹಾಫ್, ಇಬ್ಬರು ಫೈವ್ ಎಯ್ತ್, ಮೂವರು ತ್ರೀ ಕ್ವಾರ್ಟರ್, ಒಬ್ಬ ಫುಲ್‌ಬ್ಯಾಕ್. ಕೂಡಿಸಿದರೆ ಹದಿನೈದು. ಹದಿಮೂರಕ್ಕೆ ಇಳಿಸಿದಾಗ ಸ್ಕ್ರಮ್‌ಗೆ ಆರೇ ಜನ. 2–3–2 ಮುರಿಯಿತು, ವಿಂಗ್ ಫಾರ್ವರ್ಡ್ ನಿಲ್ಲಲು ಜಾಗವೇ ಉಳಿಯಲಿಲ್ಲ. ಎರಡನೆಯ ಕಷ್ಟ ಒದೆತದ್ದು. ಒತ್ತಡ ಬಂದಾಗ ಚೆಂಡನ್ನು ನೇರ ಗೆರೆಯಾಚೆ ಒದ್ದು ನೆಲ ಗಳಿಸುವುದು ಯೂನಿಯನ್ ಅಭ್ಯಾಸ. ನಾರ್ದರ್ನ್ ಯೂನಿಯನ್‌ನಲ್ಲಿ ಚೆಂಡು ನೆಲಕ್ಕೆ ತಾಗದೆ ನೇರ ಹೊರಗೆ ಹೋದರೆ ಒದ್ದ ಜಾಗಕ್ಕೇ ವಾಪಸ್, ಅಲ್ಲೇ ಸ್ಕ್ರಮ್. ವರ್ಷಗಟ್ಟಲೆ ಕಾಲಿಗೆ ಕೂತ ಅಭ್ಯಾಸ ಒಂದೇ ಸಲ ದಂಡವಾಯಿತು.

ಲೀಡ್ಸ್‌ಗೆ ಬಂದಿಳಿದ ಮೇಲೆ ಇದನ್ನೆಲ್ಲ ಕಲಿಯಲು ಸಿಕ್ಕಿದ್ದು ಸುಮಾರು ಒಂದು ವಾರ. ಅಷ್ಟರಲ್ಲಿ ಬ್ರಾಮ್ಲಿ ಕ್ಲಬ್ ವಿರುದ್ಧ ಮೊದಲ ಪಂದ್ಯವನ್ನೇ 25–6ರಿಂದ ಗೆದ್ದರು. ಈ ತಂಡದ ಬುದ್ಧಿ, ಮೈಕಸುವು ಎಂಥದ್ದು ಅಂತ ಆ ಒಂದು ಅಂಕವೇ ಹೇಳುತ್ತದೆ.

ಕಬಡ್ಡಿಮನೆ:
ಈಗ ಗೊತ್ತಾಯ್ತು. ತುಂಬಾ ಥ್ಯಾಂಕ್ಸ್ ಸರ್. ಇಬ್ಬರ ಪುಟ್ಟ ಸ್ಕ್ರಮ್ ಅನ್ನೋ ಮಾತು ಲೇಖನದಲ್ಲೂ ಬರಲಿ.

ಬಂದರುದಾರಿ:
ಹಣದ ಲೆಕ್ಕ ಬಿಟ್ಟು ಈ ಮನುಷ್ಯನನ್ನು ಅಳೆಯಲು ಆಗುವುದಿಲ್ಲ, ಅದನ್ನು ನಾನು ಸೇರಿಸುತ್ತೇನೆ.

1905ರಲ್ಲಿ ನ್ಯೂಜಿಲೆಂಡ್‌ನ ಯೂನಿಯನ್ ತಂಡ ಬ್ರಿಟನ್ ಪ್ರವಾಸ ಮಾಡಿತು. ಆಲ್ ಬ್ಲ್ಯಾಕ್ಸ್ ಎಂಬ ಹೆಸರು ಲೋಕಕ್ಕೆ ಗೊತ್ತಾದದ್ದು ಆಗ. ಒಟ್ಟು 35 ಪಂದ್ಯ, 34 ಗೆಲುವು, ಕಾರ್ಡಿಫ್‌ನಲ್ಲಿ ವೇಲ್ಸ್ ಎದುರು 3–0ರ ಒಂದೇ ಸೋಲು. ಎಲ್ಲೆಲ್ಲೂ ಮೈದಾನ ತುಂಬಿತ್ತು. ಲಾಭ ಎಂಟು ಸಾವಿರ ಪೌಂಡ್ ದಾಟಿ ನ್ಯೂಜಿಲೆಂಡ್ ರಗ್ಬಿ ಯೂನಿಯನ್‌ನ ಪೆಟ್ಟಿಗೆ ಸೇರಿತು. ಆಟಗಾರನ ಕೈಗೆ ದಿನಕ್ಕೆ ಮೂರು ಶಿಲ್ಲಿಂಗ್ ಭತ್ಯೆ. ಕೆಲಸ ಬಿಟ್ಟು ಅಷ್ಟು ತಿಂಗಳು ಹೋದವರು ಬರಿಗೈಯಲ್ಲಿ ಮನೆಗೆ ಬಂದರು.

ಬಾಸ್ಕರ್‌ವಿಲ್ ಈ ಲೆಕ್ಕವನ್ನು ತಿರುವಿ ಹಾಕಿದ. ಉತ್ತರ ಇಂಗ್ಲೆಂಡ್‌ನಲ್ಲಿ ಒಂದು ಪಂದ್ಯಕ್ಕೆ ಎಷ್ಟು ಜನ ಸೇರುತ್ತಾರೆಂದು ಬ್ರಿಟಿಷ್ ಪತ್ರಿಕೆಯಲ್ಲಿ ಓದಿ, ನಾರ್ದರ್ನ್ ಯೂನಿಯನ್‌ಗೇ ನೇರ ಪತ್ರ ಬರೆದ. ಒಪ್ಪಂದ ಹೀಗೆ: ಗೇಟ್ ವಸೂಲಿಯ (ಟಿಕೆಟ್ ಹಣದ) ಶೇಕಡಾ 70 ಪ್ರವಾಸಿಗರಿಗೆ, ಕನಿಷ್ಠ 3,000 ಪೌಂಡ್ ಖಾತರಿ. ಇತ್ತ ಪ್ರತಿ ಆಟಗಾರ 50 ಪೌಂಡ್ ಮೊದಲೇ ಹಾಕಬೇಕು, ಲಾಭವನ್ನು ಹಂಚಿಕೊಳ್ಳಬೇಕು. ಸಂಬಳದ ತಂಡ ಅಲ್ಲ ಇದು, ಪಾಲುದಾರರ ತಂಡ. 50 ಪೌಂಡ್ ಅಂದರೆ 1,000 ಶಿಲ್ಲಿಂಗ್. 1905ರ ಭತ್ಯೆಯಲ್ಲಿ ಎಣಿಸಿದರೆ 333 ದಿನದ ದುಡ್ಡು. ಅಷ್ಟನ್ನು ಪಣವಿಡಲು ಇಪ್ಪತ್ತನಾಲ್ಕರ ಹುಡುಗನ ಮಾತು ನಂಬಿ ಜನ ಮುಂದೆ ಬಂದರು. ಅವರಲ್ಲಿ 1905ರ ತಂಡದ ನಾಲ್ವರು: ಜಾರ್ಜ್ ಸ್ಮಿತ್, ಮಾಸಾ ಜಾನ್‌ಸ್ಟನ್, ಡಂಕನ್ ಮೆಗ್ರೆಗರ್, ಬಿಲ್ ಮ್ಯಾಕ್ರೆಲ್. ಕೊನೆಗೆ ಪ್ರವಾಸದ ಲಾಭ ಐದು ಸಾವಿರ ಪೌಂಡ್ ದಾಟಿತು.

ಸಮಯದ ಲೆಕ್ಕವನ್ನೂ ಗಮನಿಸಿ. ನ್ಯೂಜಿಲೆಂಡ್‌ನಿಂದ ಬ್ರಿಟನ್‌ಗೆ ಕಾಗದ ತಲುಪಲು ಸುಮಾರು ಆರು ವಾರ. ಉತ್ತರ ಕಾಗದದಲ್ಲೇ ಬಂದರೆ ಮತ್ತೆ ಆರು. ಚೌಕಾಸಿಗೆ ಅವಕಾಶವೇ ಇಲ್ಲದ ವ್ಯವಹಾರ, ಮೊದಲ ಪತ್ರದಲ್ಲೇ ಎಲ್ಲ ಷರತ್ತು ಸರಿಯಾಗಿರಬೇಕು. ಅಂಚೆ ಗುಮಾಸ್ತನಿಗೆ ಈ ಅಂದಾಜು ಇತ್ತು ಅಂತ ನನಗನ್ನಿಸುತ್ತದೆ.

ಹಳೆಪೇಪರ್:
ಬೆಲೆ ತೆತ್ತದ್ದನ್ನೂ ಬರೆಯಬೇಕು. ನ್ಯೂಜಿಲೆಂಡ್ ರಗ್ಬಿ ಯೂನಿಯನ್ ಅವನನ್ನು ಆಜೀವ ಹೊರಹಾಕಿತು. ಪ್ರಾತಿನಿಧಿಕ ಪಂದ್ಯ ಆಡುವವರಿಂದ "ನಾನು ಹವ್ಯಾಸಿ, ಆ ವೃತ್ತಿಪರ ತಂಡಕ್ಕೆ ಸಂಬಂಧವಿಲ್ಲ" ಎಂದು ಬರೆಸಿಕೊಳ್ಳತೊಡಗಿತು. ಅಂಥ ತಂಡವೇ ಇಲ್ಲ, ಅದೊಂದು ಭೂತ ಎಂದು ಬ್ರಿಟನ್‌ನಲ್ಲಿ ಪ್ರಚಾರವಾಯಿತು. ಸಿಡ್ನಿಯ ಪತ್ರಿಕೆಗಳು ಆಲ್ ಬ್ಲ್ಯಾಕ್ಸ್ ಹೆಸರನ್ನು ತಿರುಚಿ "ಆಲ್ ಗೋಲ್ಡ್ಸ್" ಎಂದು ಹಂಗಿಸಿದವು: ಚಿನ್ನಕ್ಕೆ ಆಡುವವರು ಅಂತ. ಹೀಯಾಳಿಸಿ ಇಟ್ಟ ಹೆಸರೇ ಈಗ ಗೌರವದ ಹೆಸರು. ಲೇಖನದಲ್ಲಿ ಈ ಹೆಸರು ಬಳಸುವಾಗ ಅದರ ಮೂಲ ಹೇಳದೆ ಬಿಡಬಾರದು.

ಮೈಸೂರುಪೆವಿಲಿಯನ್:
ಕ್ರಿಕೆಟ್ ಓದುಗರಿಗೆ ಒಂದು ಕೊಂಡಿ ಇದೆ, ಬಿಡಬೇಡಿ. ಸಿಡ್ನಿಯಲ್ಲಿ ಹೊಸ ಲೀಗ್ ಕಟ್ಟಿದವರಲ್ಲಿ ಮಹಾ ಬ್ಯಾಟ್ಸ್‌ಮನ್ ವಿಕ್ಟರ್ ಟ್ರಂಪರ್ ಒಬ್ಬರು. ಜೇಮ್ಸ್ ಗಿಲ್ಟಿನನ್, ಹೆನ್ರಿ ಹಾಯ್ಲ್ ಜೊತೆಯವರು. 8 ಆಗಸ್ಟ್ 1907ರಂದು ಬೇಟ್‌ಮನ್ಸ್ ಹೋಟೆಲ್‌ನಲ್ಲಿ ಸಭೆ ಸೇರಿ ನ್ಯೂ ಸೌತ್ ವೇಲ್ಸ್ ರಗ್ಬಿ ಫುಟ್‌ಬಾಲ್ ಲೀಗ್ ಸ್ಥಾಪಿಸಿದರು. ಬಾಸ್ಕರ್‌ವಿಲ್ ತಂಡ ಸಿಡ್ನಿಯಲ್ಲಿ ಆಡಿದ್ದು ಅದಾದ ಒಂಬತ್ತನೇ ದಿನ. ಮೂರು ಪಂದ್ಯಗಳ ಗೇಟ್ ವಸೂಲಿಯೇ ಸಿಡ್ನಿಯ ಲೀಗ್‌ಗೆ ಕಾಲೂರಲು ಸಿಕ್ಕ ನೆಲ. ನ್ಯೂಜಿಲೆಂಡ್ ಮೂರನ್ನೂ ಗೆದ್ದಿತು: 12–8, 19–5, 5–3.

ಅಲ್ಲಿಂದಲೇ ಡಾಲಿ ಮೆಸೆಂಜರ್ ಅತಿಥಿಯಾಗಿ ತಂಡ ಸೇರಿದ. ಸಿಡ್ನಿಯಲ್ಲಿ ಅವನಿಗಿಂತ ಜನಪ್ರಿಯ ರಗ್ಬಿ ಆಟಗಾರ ಆಗ ಇರಲಿಲ್ಲ. ಬ್ರಿಟನ್ ಪ್ರವಾಸದಲ್ಲಿ 146 ಅಂಕ ಗಳಿಸಿ ತಂಡದ ಮೊದಲಿಗನಾದ. ಆಸ್ಟ್ರೇಲಿಯಾದವನನ್ನು ನ್ಯೂಜಿಲೆಂಡ್ ತಂಡಕ್ಕೆ ಕರೆದದ್ದು ಬಾಸ್ಕರ್‌ವಿಲ್ ತೆಗೆದುಕೊಂಡ ಅತ್ಯುತ್ತಮ ನಿರ್ಧಾರ ಎಂದೇ ನನ್ನ ಎಣಿಕೆ. ಒದೆತಗಾರ ಸಿಕ್ಕ, ಸಿಡ್ನಿಯ ಹೊಸ ಲೀಗ್‌ಗೆ ಹೆಸರೂ ಸಿಕ್ಕಿತು.

ಬ್ರಿಟನ್‌ಗೆ ಹೋಗುವ ದಾರಿಯಲ್ಲಿ ಕೊಲಂಬೊದಲ್ಲೂ ಒಂದು ಪಂದ್ಯ ಆಡಿದರು, ಅದೂ ಯೂನಿಯನ್ ನಿಯಮದಲ್ಲೇ. ನಮ್ಮ ಕಡೆಗೆ ಆ ತಂಡ ಅತಿ ಹತ್ತಿರ ಬಂದದ್ದು ಅದೇ.

ಅಂಕಪಟ್ಟಿ:
ಬ್ರಿಟನ್ನಿನ ಪಂದ್ಯಗಳು. ಒಟ್ಟು 35: ಗೆಲುವು 19, ಸಮ 2, ಸೋಲು 14. ವಿಗಾನ್ ಕ್ಲಬ್ ಎದುರಿನ ಸೋಲು 12–8. "ಬರೀ ಹತ್ತೊಂಬತ್ತೇ" ಅಂತ 1905ರ ಜೊತೆ ಹೋಲಿಸುವವರಿದ್ದಾರೆ. 1905ರವರು ತಮ್ಮ ಆಟವನ್ನು ಆಡಿದರು, ಇವರು ಎದುರಾಳಿಯ ಆಟವನ್ನು, ಅವರ ನೆಲದಲ್ಲಿ, ಚಳಿಗಾಲವಿಡೀ, ಅದರಿಂದಲೇ ಹೊಟ್ಟೆ ಹೊರೆಯುವ ಕ್ಲಬ್‌ಗಳ ವಿರುದ್ಧ. ಹೋಲಿಕೆ ನ್ಯಾಯವಲ್ಲ.

ದೊಡ್ಡ ಪಂದ್ಯಗಳನ್ನು ಸಾಲಾಗಿ ಓದಿದರೆ ಕಲಿತ ದಾರಿ ಕಾಣುತ್ತದೆ. 1 ಜನವರಿ, ಆಬರ್‌ಡೇರ್: ವೇಲ್ಸ್ 9, ನ್ಯೂಜಿಲೆಂಡ್ 8. 11 ಜನವರಿ, ವಿಗಾನ್: ಇಂಗ್ಲೆಂಡ್ 18, ನ್ಯೂಜಿಲೆಂಡ್ 16. ಆಮೇಲೆ ನಾರ್ದರ್ನ್ ಯೂನಿಯನ್‌ನ ಆಯ್ದ ತಂಡದ ವಿರುದ್ಧ ಮೂರು ಟೆಸ್ಟ್. 25 ಜನವರಿ, ಹೆಡಿಂಗ್ಲಿ: 14–6ರಲ್ಲಿ ಸೋಲು. 8 ಫೆಬ್ರವರಿ, ಲಂಡನ್ನಿನ ಸ್ಟಾಮ್‌ಫರ್ಡ್ ಬ್ರಿಜ್: 18–6ರಲ್ಲಿ ಗೆಲುವು. 15 ಫೆಬ್ರವರಿ, ಚೆಲ್ಟನ್‌ಹ್ಯಾಮ್: 8–5ರಲ್ಲಿ ಗೆಲುವು. ಸರಣಿ 2–1. ನಾಲ್ಕೂವರೆ ತಿಂಗಳ ಹಿಂದೆ ನಿಯಮ ಪುಸ್ತಕವನ್ನೇ ನೋಡದವರು ಆ ಆಟದ ತವರನ್ನು ಸೋಲಿಸಿದರು.

ಹಳೆಯ ಅಂಕಗಳನ್ನು ಓದುವವರಿಗೆ ಒಂದು ಉಪಾಯ. ಟ್ರೈಗೆ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದಕ್ಕೆ) 3, ಯಾವ ಗೋಲ್‌ಗಾದರೂ 2. 5 ಎಂದರೆ ಒಂದು ಟ್ರೈ, ಒಂದು ಗೋಲ್, ಬೇರೆ ದಾರಿಯಿಲ್ಲ. ಆದರೆ 8 ಎರಡು ಬಗೆಯಲ್ಲಿ ಬರುತ್ತದೆ: ಎರಡು ಟ್ರೈ ಒಂದು ಗೋಲ್, ಅಥವಾ ನಾಲ್ಕು ಗೋಲ್. 9 ಕೂಡ ಹಾಗೇ: ಮೂರು ಟ್ರೈ, ಇಲ್ಲವೇ ಒಂದು ಟ್ರೈ ಮೂರು ಗೋಲ್. 14ಕ್ಕೆ ಮೂರು ದಾರಿ. ಆದ್ದರಿಂದ ಅಂಕ ನೋಡಿಯೇ "ಎರಡು ಟ್ರೈ ಹೊಡೆದರು" ಎಂದು ಊಹಿಸಿ ಬರೆಯಬೇಡಿ. ಇವತ್ತಿನ ನಾಲ್ಕು ಅಂಕದ ಟ್ರೈ ಹಾಕಿ ಲೆಕ್ಕ ಮಾಡಿದರೆ ದಾರಿ ತಪ್ಪುತ್ತೀರಿ. ಅದೇ ಕಾಲದ ಯೂನಿಯನ್‌ನಲ್ಲಿ ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಗೋಲ್‌ಗೆ 3, ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಒದೆಯುವ ಡ್ರಾಪ್ ಗೋಲ್‌ಗೆ 4. ಸಿಡ್ನಿಯ 1907ರ ಮೂರು ಪಂದ್ಯಗಳಿಗೆ ಆ ಕೋಷ್ಟಕ ಬಳಸಬೇಕು, ಲೀಗ್‌ನದ್ದಲ್ಲ. 5–3 ಎಂಬ ಅಂಕದಲ್ಲಿ ಆ 3 ಟ್ರೈಯೂ ಆಗಿರಬಹುದು, ಪೆನಾಲ್ಟಿಯೂ ಆಗಿರಬಹುದು.

ಕಬಡ್ಡಿಮನೆ:
ಈ ಟೆಸ್ಟ್‌ಗಳಲ್ಲಿ ಬಾಸ್ಕರ್‌ವಿಲ್ ಆಡಲೇ ಇಲ್ವಾ? ತಂಡ ಕಟ್ಟಿದವನು ಹೊರಗೆ ಕೂತಿದ್ದು ಯಾಕೆ?

ಬಂದರುದಾರಿ:
ಅವನು ಕಾರ್ಯದರ್ಶಿ. ರೈಲು, ವಸತಿ, ಗೇಟ್ ಲೆಕ್ಕ, ಪತ್ರ ವ್ಯವಹಾರ ಅವನ ತಲೆಯ ಮೇಲೆ. ಹರ್ಕ್ಯುಲಿಸ್ ರೈಟ್ ನಾಯಕನಾಗಿದ್ದ ಆ ತಂಡದಲ್ಲಿ ಅವನಿಗಿಂತ ಬಲವಾದ ಆಟಗಾರರು ಬೇಕಾದಷ್ಟಿದ್ದರು. ಅಂಥವರನ್ನು ಆರಿಸಿದವನೂ ಅವನೇ ತಾನೆ. ತಾನು ಕಟ್ಟಿದ ಪ್ರವಾಸ ಎಂದು ತನ್ನನ್ನೇ ಟೆಸ್ಟ್‌ಗೆ ತುರುಕಿಕೊಳ್ಳಲಿಲ್ಲ ಅನ್ನುವುದು ನನ್ನ ಮಟ್ಟಿಗೆ ದೊಡ್ಡ ಮಾತು.

ಅವನ ಸರದಿ ಬಂದದ್ದು ಮರಳುವ ದಾರಿಯಲ್ಲಿ. 9 ಮೇ 1908, ಶನಿವಾರ, ಸಿಡ್ನಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವಿನ ಮೊಟ್ಟಮೊದಲ ಲೀಗ್ ಟೆಸ್ಟ್. ಅಷ್ಟು ಹೊತ್ತಿಗೆ ಮೆಸೆಂಜರ್ ತನ್ನ ನಾಡಿನ ಕಡೆಗೆ ಮರಳಿದ್ದ. ನ್ಯೂಜಿಲೆಂಡ್ 11–10ರಿಂದ ಗೆದ್ದಿತು. ಬಾಸ್ಕರ್‌ವಿಲ್ ಆಡಿ ಒಂದು ಟ್ರೈ ಹೊಡೆದ. ಒಂದೇ ಅಂಕದ ಅಂತರದಲ್ಲಿ ಮೂರಂಕದ ಟ್ರೈ. ಅವನ ಟೆಸ್ಟ್ ಬದುಕು ಪೂರ್ತಿ ಆ ಮಧ್ಯಾಹ್ನದ್ದು.

ಶುಶ್ರೂಷೆ:
ಸಾವಿನ ಬಗ್ಗೆ ಬರೆಯುವಾಗ ಎಚ್ಚರ ಇರಲಿ ಅಂತ ಈ ಮಾತು. "ಶೀತದಿಂದ ಸತ್ತ" ಎಂದು ಬರೆದರೆ ಇಂದಿನ ಓದುಗರಿಗೆ ವಿಚಿತ್ರ ಅನ್ನಿಸುತ್ತದೆ.

ಸಿಡ್ನಿಯಿಂದ ಬ್ರಿಸ್ಬೇನ್‌ಗೆ ಹಡಗಿನ ಪ್ರಯಾಣದಲ್ಲಿ ನೆಗಡಿ ಹಿಡಿಯಿತು, ಅದು ನ್ಯುಮೋನಿಯಾಕ್ಕೆ ತಿರುಗಿತು. ಆ ಕಾಲದಲ್ಲಿ ಈ ಕಾಯಿಲೆಗೆ ನಾಟುವ ಔಷಧವೇ ಇರಲಿಲ್ಲ. ಸಲ್ಫಾ ಮಾತ್ರೆ ಬಂದದ್ದು 1930ರ ದಶಕದ ಕೊನೆಗೆ, ಪೆನಿಸಿಲಿನ್ ಆಸ್ಪತ್ರೆಗಳಿಗೆ ತಲುಪಿದ್ದು 1940ರ ದಶಕದಲ್ಲಿ. ಶ್ವಾಸಕೋಶದ ಒಂದು ಭಾಗ ಕೀವು ತುಂಬಿ ಗಟ್ಟಿಯಾಗುತ್ತಾ ಹೋಗುತ್ತದೆ, ಜ್ವರ ಏರಿಯೇ ಇರುತ್ತದೆ. ಏಳರಿಂದ ಹತ್ತನೇ ದಿನದೊಳಗೆ ಒಂದೋ ಜ್ವರ ಒಮ್ಮೆಲೇ ಇಳಿದು ರೋಗಿ ಬದುಕುತ್ತಾನೆ, ಇಲ್ಲ ಕೈಮೀರುತ್ತದೆ. ಆ ಘಟ್ಟಕ್ಕೆ ವೈದ್ಯರು "ಕ್ರೈಸಿಸ್" ಎನ್ನುತ್ತಿದ್ದರು. ಮಾಡಲು ಇದ್ದದ್ದು ಆರೈಕೆ, ಬಿಸಿ ಪಟ್ಟು, ಕಾಯುವುದು. ಮೈಕಟ್ಟು ಗಟ್ಟಿಯಿದ್ದ ಯುವಕರೂ ಹೀಗೆ ಹೋಗುತ್ತಿದ್ದರು. ಟೆಸ್ಟ್ ಆಡಿದ ದಿನಕ್ಕೂ ಸಾವಿಗೂ ಹನ್ನೊಂದೇ ದಿನದ ಅಂತರ. ಆಟದ ಏಟಿನಿಂದ ಸತ್ತ ಎಂದು ಎಲ್ಲಾದರೂ ಕಂಡರೆ ದಯವಿಟ್ಟು ತಿದ್ದಿ.

ಹಳೆಪೇಪರ್:
ಧನ್ಯವಾದ ಮೇಡಂ, ಇದನ್ನು ಹಾಗೇ ತೆಗೆದುಕೊಳ್ಳುತ್ತೇನೆ.

ತಂಡ ಆಟ ನಿಲ್ಲಿಸಲಿಲ್ಲ. 30 ಮೇ, ಬ್ರಿಸ್ಬೇನ್, ಎರಡನೇ ಟೆಸ್ಟ್: ನ್ಯೂಜಿಲೆಂಡ್ 24–12. ಅವನು ತೀರಿಕೊಂಡು ಹತ್ತು ದಿನ, ಅದೇ ಊರು. ಅಲ್ಲಿಗೆ ಸರಣಿ ಗೆದ್ದಾಯಿತು. 6 ಜೂನ್‌ನಲ್ಲಿ ಸಿಡ್ನಿಯ ಮೂರನೆಯದನ್ನು 14–9ರಲ್ಲಿ ಸೋತರು. ಈ ನಡುವೆ ಕೆಲವು ಜೊತೆಗಾರರು ದೇಹದೊಡನೆ ಹಡಗು ಹತ್ತಿ ವೆಲಿಂಗ್ಟನ್‌ಗೆ ಹೋದರು. ಸಮಾಧಿ ಕರೋರಿ ಸ್ಮಶಾನದಲ್ಲಿದೆ.

ದಾಖಲೆ ಹುಡುಕುವವರಿಗೆ ಕೆಲವು ಸೂಚನೆ. ನ್ಯೂಜಿಲೆಂಡ್‌ನ ಹಳೆಯ ಪತ್ರಿಕೆಗಳು ಪೇಪರ್ಸ್ ಪಾಸ್ಟ್ ತಾಣದಲ್ಲಿ, ಆಸ್ಟ್ರೇಲಿಯಾದವು ಟ್ರೋವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. "ರಗ್ಬಿ ಲೀಗ್" ಎಂದು ಹುಡುಕಿದರೆ 1907ರ ನ್ಯೂಜಿಲೆಂಡ್ ಪತ್ರಿಕೆಯಲ್ಲಿ ಸಿಗುವುದು ಬಹಳ ಕಡಿಮೆ, ಆ ಹೆಸರು ಆಗಿನ್ನೂ ಬಳಕೆಗೆ ಬಂದಿರಲಿಲ್ಲ. "ನಾರ್ದರ್ನ್ ಯೂನಿಯನ್", "ಪ್ರೊಫೆಷನಲ್" ಎಂದು ಹಾಕಿ. ಹೆಸರಿಗೆ ಎರಡು ಕಾಗುಣಿತ: ಬಿ-ಎ-ಎಸ್-ಕೆ-ಇ-ಆರ್-ವಿ-ಐ-ಎಲ್-ಎಲ್-ಇ ಮತ್ತು ಬಿ-ಎ-ಎಸ್-ಕೆ-ಐ-ವಿ-ಐ-ಎಲ್-ಎಲ್-ಇ. ಎರಡನೆಯದು ಮನೆತನದ ಕಾಗುಣಿತ, ಮೊದಲನೆಯದು ಪತ್ರಿಕೆಗಳಿಂದ ಊರಿದ್ದು. ಎರಡನ್ನೂ ಬೇರೆ ಬೇರೆ ಹುಡುಕಬೇಕು. ಮೊದಲನೆಯದಕ್ಕೆ ಒಂದು ಪ್ರಸಿದ್ಧ ಪತ್ತೇದಾರಿ ಕಾದಂಬರಿಯ ಜಾಹೀರಾತು, ಒಂದು ಅಚ್ಚಕ್ಷರದ ಹೆಸರು ರಾಶಿ ರಾಶಿ ಅಡ್ಡ ಬರುತ್ತವೆ. ಜೊತೆಗೆ "ಫುಟ್‌ಬಾಲ್" ಸೇರಿಸಿ, ದಿನಾಂಕವನ್ನು ಜನವರಿ 1907ರಿಂದ ಜುಲೈ 1908ಕ್ಕೆ ಕಟ್ಟಿಹಾಕಿ.

ದಿನಾಂಕದ ಹೊಂಡವೂ ಇದೆ. ಬ್ರಿಟನ್‌ನಲ್ಲಿ ಶನಿವಾರ ಮಧ್ಯಾಹ್ನದ ಪಂದ್ಯ ಮುಗಿಯುವಾಗ ನ್ಯೂಜಿಲೆಂಡ್‌ನಲ್ಲಿ ಭಾನುವಾರ ಬೆಳಗಿನ ಜಾವ. ತಂತಿ ಸುದ್ದಿ ಅಚ್ಚಾಗುವುದು ಸೋಮವಾರ. "ನಿನ್ನೆಯ ಪಂದ್ಯ" ಎಂದು ಊಹಿಸಿ ಪತ್ರಿಕೆಯ ದಿನಾಂಕದಿಂದ ಒಂದು ದಿನ ಕಳೆದರೆ ತಪ್ಪಾಗುತ್ತದೆ. ಟೆಸ್ಟ್ ದಿನ ಶನಿವಾರಕ್ಕೆ ಬೀಳುತ್ತದೆಯೇ ಎಂದು ಕ್ಯಾಲೆಂಡರ್ ನೋಡಿ ತಾಳೆ ಹಾಕಿ. ಆಬರ್‌ಡೇರ್ ಮಾತ್ರ ಬುಧವಾರ, ಹೊಸ ವರ್ಷದ ದಿನ.

ಹದಿಮೂರನೆಯವರು:
13 ಜೂನ್ 1908ನ್ನು ಮರೆಯಬೇಡಿ. ವೆಲಿಂಗ್ಟನ್‌ನ ಅಥ್ಲೆಟಿಕ್ ಪಾರ್ಕ್‌ನಲ್ಲಿ ಅವನ ವಿಧವೆ ತಾಯಿಗೆ ನೆರವಾಗಲೆಂದು ಪ್ರವಾಸದಿಂದ ಮರಳಿದವರು ಎರಡು ತಂಡವಾಗಿ ಆಡಿದರು. ನ್ಯೂಜಿಲೆಂಡ್ ನೆಲದ ಮೇಲೆ ನಾರ್ದರ್ನ್ ಯೂನಿಯನ್ ನಿಯಮದಲ್ಲಿ ನಡೆದ ಮೊದಲ ಪಂದ್ಯ ಅದು. ಅಂದರೆ ಆ ದೇಶದಲ್ಲಿ ಲೀಗ್ ಆಟ ಹುಟ್ಟಿದ್ದೇ ಅವನ ತಾಯಿಗೆ ದುಡ್ಡು ಕೂಡಿಸಲು. ನ್ಯೂಜಿಲೆಂಡ್ ರಗ್ಬಿ ಲೀಗ್ ಸಂಸ್ಥೆ ಆದದ್ದು ಎರಡು ವರ್ಷದ ನಂತರ, 1910ರಲ್ಲಿ. ಸ್ವಂತ ಊರಿನಲ್ಲಿ ತನ್ನ ಆಟವನ್ನು ಬಾಸ್ಕರ್‌ವಿಲ್ ಒಂದು ಸಲವೂ ನೋಡಲಿಲ್ಲ.

ಉಳಿದವರಲ್ಲಿ ಲ್ಯಾನ್ಸ್ ಟಾಡ್ ವಿಗಾನ್‌ಗೆ ಸೇರಿದ, ಮುಂದೆ ಸಾಲ್‌ಫರ್ಡ್ ತಂಡದ ವ್ಯವಸ್ಥಾಪಕನಾಗಿ ದೊಡ್ಡ ಹೆಸರು ಮಾಡಿದ. ಇಂಗ್ಲೆಂಡಿನ ಲೀಗ್ ಕ್ಲಬ್‌ಗಳ ಚಾಲೆಂಜ್ ಕಪ್ ಫೈನಲ್‌ನ ಅತ್ಯುತ್ತಮ ಆಟಗಾರನಿಗೆ 1946ರಿಂದ ಕೊಡುವ ಟ್ರೋಫಿ ಅವನ ಹೆಸರಿನದು. ಜಾರ್ಜ್ ಸ್ಮಿತ್ ಓಲ್ಡ್‌ಹ್ಯಾಮ್‌ನಲ್ಲಿ ನೆಲೆಸಿದ.

ಮೈಸೂರುಪೆವಿಲಿಯನ್:
ಬಾಸ್ಕರ್‌ವಿಲ್ ಹೆಸರಿನ ಶೀಲ್ಡ್ ಬಂದದ್ದು 1996ರಲ್ಲಿ, ಗ್ರೇಟ್ ಬ್ರಿಟನ್ ಮತ್ತು ನ್ಯೂಜಿಲೆಂಡ್ ಸರಣಿಗೆ. ಮೊದಲ ಸಲ ನ್ಯೂಜಿಲೆಂಡ್ 3–0ರಿಂದ ಗೆದ್ದಿತು. 2002ರಲ್ಲಿ ಸಮ, 2007ರಲ್ಲಿ ಬ್ರಿಟನ್ 3–0, 2018ರಲ್ಲಿ ಇಂಗ್ಲೆಂಡ್ 2–1. 2007ರದ್ದು ಪ್ರವಾಸದ ನೂರನೇ ವರ್ಷ.

ಅಂಕಪಟ್ಟಿ:
ಕೊನೆಯದಾಗಿ ಲೇಖನದ ಪಕ್ಕಪಟ್ಟಿಯ ಪ್ರಶ್ನೆ. "ವೃತ್ತಿ" ಎಂಬಲ್ಲಿ ಆಟಗಾರ ಎಂದು ಮೊದಲು ಹಾಕುವುದೋ, ಸಂಘಟಕ ಎಂದೋ? ಒಂದು ಟೆಸ್ಟ್, ಒಂದು ಟ್ರೈ, ಮೂರು ಅಂಕ, ಪಟ್ಟಿಯಲ್ಲಿ ಬರುವುದು ಇಷ್ಟೇ. ಇದನ್ನೇ ಮೇಲಿಟ್ಟರೆ ಓದುಗ ಅಲ್ಲಿಗೇ ಬಿಟ್ಟು ಹೋಗುತ್ತಾನೆ.

ಹಳೆಪೇಪರ್:
ಸಂಘಟಕ ಮೊದಲು, ಆಟಗಾರ ಆಮೇಲೆ. ಆದರೆ ಆಟಗಾರ ಎನ್ನುವುದನ್ನು ತೆಗೆಯಬಾರದು. 50 ಪೌಂಡ್ ಹಾಕಿಸಿಕೊಂಡು ದಡದಲ್ಲಿ ನಿಂತವನಲ್ಲ ಅವನು, ಅದೇ ಜೆರ್ಸಿ ಹಾಕಿ ಮೈದಾನಕ್ಕಿಳಿದವನು. ಪ್ರವಾಸದ 35 ಪಂದ್ಯಗಳ ಅಂಕಿಯನ್ನು "ತಂಡದ ದಾಖಲೆ" ಎಂದೂ, ಟೆಸ್ಟ್ ಅಂಕಿಯನ್ನು "ಸ್ವಂತ ದಾಖಲೆ" ಎಂದೂ ಬೇರೆ ಸಾಲಿನಲ್ಲಿ ಕೊಡುತ್ತೇನೆ. ಹೆಸರು ಕನ್ನಡದಲ್ಲಿ "ಬಾಸ್ಕರ್‌ವಿಲ್", ಮೊದಲ ಸಾಲಿನಲ್ಲೇ "ಬಾಸ್ಕಿವಿಲ್ ಎಂದೂ ಬರೆಯುತ್ತಾರೆ" ಎಂದು ಸೇರಿಸುತ್ತೇನೆ. ಸ್ಕ್ರಮ್ ವ್ಯೂಹದ ಚಿತ್ರ ಯಾರಾದರೂ ಬರೆದು ಕೊಟ್ಟರೆ ಉಪಕಾರ: ಒಂದು ಕಡೆ 2–3–2 ಮತ್ತು ವಿಂಗ್ ಫಾರ್ವರ್ಡ್, ಇನ್ನೊಂದು ಕಡೆ ಆರು ಜನರದ್ದು.

ಹದಿಮೂರನೆಯವರು:
ಚಿತ್ರ ನಾನು ಬರೆದು ಹಾಕುತ್ತೇನೆ. ವಿಂಗ್ ಫಾರ್ವರ್ಡ್ ನಿಲ್ಲುವ ಜಾಗವನ್ನು ಬೇರೆ ಬಣ್ಣದಲ್ಲಿ ಗುರುತಿಸುತ್ತೇನೆ, ಹದಿಮೂರರ ವ್ಯೂಹದಲ್ಲಿ ಅದು ಖಾಲಿ ಕಾಣುವ ಹಾಗೆ.